ಅಡಿಕೆಯ ಸೀಮೆಯಲ್ಲಿ ಅಂಗಾಂಶಗಳ ಚಿತ್ರಲೇಖನ

ವೈದ್ಯಕೀಯ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯು ಮೊದಲ ವಾರಗಳಲ್ಲಿ ಕೊಂಡುಕೊಳ್ಳಬೇಕಾದ ಸಾಮಗ್ರಿಗಳೊಳಗೆ, ಬಿಳಿಯ ಏಪ್ರನ್ನು, ಶವಚ್ಛೇದನದ ಸಲಕರಣೆಗಳ ಪೆಟ್ಟಿಗೆ, ಹಿರಿಯ ವಿದ್ಯಾರ್ಥಿಗಳಿಂದ ಕೈಬದಲಾಗಿ ಬಂದ ಮೂಳೆಗಳ ಗಂಟು, ಇವೆಲ್ಲವುಗಳ ತರುವಾಯ, ಹೇಳಿಕೊಳ್ಳುವಂತಹ ಮರ್ಯಾದೆಯೇನೂ ಇಲ್ಲದೆ, ಎರಡು ಬಣ್ಣದ ಪೆನ್ಸಿಲುಗಳೂ ಬಂದು ಸೇರುತ್ತವೆ. ಒಂದು ಗುಲಾಬಿ, ಮತ್ತೊಂದು ನೇರಿಳೆ. ಅಂಗಡಿಯವರು ಅವನ್ನು ‘ಎಚ್ ಅಂಡ್ ಇ ಪೆನ್ಸಿಲ್’ ಎಂದು ಕರೆದು ಕೊಡುತ್ತಾರೆ. ಯಕೃತ್ತಿನಿಂದ ಮೊದಲುಗೊಂಡು ಅಂಗಾಲಿನ ಚರ್ಮದವರೆಗೆ ಮನುಷ್ಯಶರೀರದಲ್ಲಿ ಇರುವ ಅಂಗಾಂಶಗಳೆಲ್ಲವನ್ನೂ ಈ ಎರಡೇ ವರ್ಣಗಳಲ್ಲಿ ಬರೆದು, ಪಕ್ಕದಲ್ಲಿ ಗೆರೆ ಎಳೆದು ಹೆಸರು ಕೊಟ್ಟು, ಅಧ್ಯಾಪಕರ ರುಜು ಪಡೆಯಬೇಕೆಂಬ ಕಟ್ಟಳೆಯು ದಾವಣಗೆರೆಯಲ್ಲಿ ೧೯೬೫ರಲ್ಲಿ ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ನಡೆದು ಬಂದಿದೆ; ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ರೈತಾಪಿ ಮನೆಗಳಿಂದ ಹೋಗಿ ವೈದ್ಯರಾದ ಮಕ್ಕಳು ಶರೀರದ ಒಳಗನ್ನು ಮೊದಲು ಕಂಡುದು ಈ ಎರಡು ಬಣ್ಣಗಳ ಮುಖಾಂತರವೇ.

ಶರೀರವನ್ನು ಪದರಪದರವಾಗಿ ನೋಡಬೇಕೆಂಬ ಕುತೂಹಲವು ಈ ದೇಶಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿ, ಮೃತದೇಹವನ್ನು ಹುಲ್ಲಿನಿಂದ ಸುತ್ತಿ, ಪಂಜರದೊಳಗಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ನೆನೆಯಿಸಿ, ತರುವಾಯ ಬಿದಿರಿನ ಸಿಬಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದಾರಂಭಿಸಿ ಒಳಗಿನ ಭಾಗಗಳನ್ನು ಕಣ್ಣಾರೆ ಕಾಣಬೇಕೆಂದು ವಿಧಿಸಿದೆ. ಚರ್ಮಕ್ಕೆ ಅವಭಾಸಿನಿಯಿಂದ ಮೊದಲಾಗಿ ಮಾಂಸಧರೆಯವರೆಗೆ ಏಳು ಪದರಗಳನ್ನು ಎಣಿಸಿದೆ. ಸೂಕ್ಷ್ಮದರ್ಶಕದಡಿಯಲ್ಲಿ ಚರ್ಮವನ್ನು ಪದರಗಳಾಗಿ ಕಂಡ ಕೂಡಲೇ ‘ಇದೆಲ್ಲವೂ ನಮ್ಮವರಿಗೆ ಗೊತ್ತಿದ್ದುದೇ’ ಎಂದು ಹಿಗ್ಗುವವರುಂಟು. ಆ ಹಿಗ್ಗು ಸುಶ್ರುತನಿಗೆ ಮಾಡುವ ಉಪಕಾರವೇನೂ ಅಲ್ಲ. ಬರಿಯ ಕಣ್ಣು ಮತ್ತು ಬಿದಿರಿನ ಕುಂಚ ಇಷ್ಟರಿಂದಲೇ ಆತನು ಎಷ್ಟು ದೂರ ಹೋದನೆಂಬುದೇ ಆಶ್ಚರ್ಯಕರವಾದುದು. ಆತನ ಕೈಗೆ ಇಲ್ಲದ ಮಸೂರವನ್ನು ನಾವು ಇರಿಸಬೇಕಾದ ಅಗತ್ಯವಿಲ್ಲ. ಕನ್ನಡದಲ್ಲಿ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ, ಕೀರ್ತಿವರ್ಮನ ಗೋವೈದ್ಯವೂ, ಮಂಗರಾಜನ ಖಗೇಂದ್ರಮಣಿದರ್ಪಣವೂ ರೋಗವನ್ನೂ ಔಷಧವನ್ನೂ ವಿಷವನ್ನೂ ಕುರಿತು ಹೇಳಿದುವು. ಚಿತ್ರ ಬರೆದು ತೋರಿಸುವ ಹಾದಿಯನ್ನು ಅವು ಹಿಡಿಯಲಿಲ್ಲ.

ಬರಿಯ ಕಣ್ಣನ್ನು ನಂಬಿದವರು ಯೂರೋಪಿನಲ್ಲಿಯೂ ಇದ್ದರು. ಮಾಲ್ಪೀಗಿಯು ೧೬೬೧ರಲ್ಲಿಯೇ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಮಸೂರದ ಮೂಲಕ ಕಂಡಿದ್ದರೂ, ಅದಾದ ಒಂದೂಕಾಲು ಶತಮಾನಕ್ಕೂ ಮಿಕ್ಕಿದ ಮೇಲೆ, ೧೮೦೧ರಲ್ಲಿ, ಪ್ಯಾರಿಸ್ಸಿನ ಬಿಷಾ ಎಂಬ ತರುಣ ವೈದ್ಯನು ಶರೀರದ ಅಂಗಾಂಶಗಳನ್ನು ೨೧ ಬಗೆಗಳಾಗಿ ವಿಂಗಡಿಸಿದುದು ಸೂಕ್ಷ್ಮದರ್ಶಕವನ್ನು ಮುಟ್ಟದೆಯೇ. ಬೇಯಿಸಿ, ಒಣಗಿಸಿ, ನೆನೆಯಿಸಿ, ಆಮ್ಲಕ್ಕೆ ಹಾಕಿ ನೋಡಿದುದೇ ಆತನ ಕ್ರಮ. ಅಂದಿನ ಮಸೂರಗಳು ವಸ್ತುವಿನ ಅಂಚಿಗೆ ಕಾಮನಬಿಲ್ಲಿನ ಬಣ್ಣಗಳನ್ನು ಬಳಿದು ಇಲ್ಲದುದನ್ನು ಕಾಣಿಸುತ್ತಿದ್ದುದರಿಂದ ಆತನ ಅಪನಂಬಿಕೆ ಅವಿವೇಕವಾಗಿರಲಿಲ್ಲ. ಮಸೂರ ಸುಧಾರಿಸಿತು, ೧೮೩೯ರಲ್ಲಿ ಶ್ವಾನ್ ಎಂಬಾತನು ಪ್ರಾಣಿಶರೀರವೆಲ್ಲವೂ ಜೀವಕೋಶಗಳಿಂದ ಆದುದೆಂದು ಸಾರಿದನು, ೧೮೫೨ರಲ್ಲಿ ಕೋಲಿಕರನ ಅಂಗಾಂಶಶಾಸ್ತ್ರದ ಪಠ್ಯಪುಸ್ತಕವು ಹೊರಬಂದಿತು.

ಆದರೂ ಒಂದು ಕೊರತೆ ಉಳಿದಿತ್ತು. ತೆಳುವಾಗಿ ಕತ್ತರಿಸಿದ ಅಂಗಾಂಶವು ಬಹುಮಟ್ಟಿಗೆ ಪಾರದರ್ಶಕ. ಅದರಲ್ಲಿ ಕಾಣುವುದು ಅತ್ಯಲ್ಪ. ಈ ಕೊರತೆಯನ್ನು ತೀರಿಸಿದುದು ವೈದ್ಯರ ವಿದ್ಯೆಯಲ್ಲ, ಬಟ್ಟೆಗೆ ಬಣ್ಣ ಹಾಕುವವರ ವಿದ್ಯೆ. ಮೆಕ್ಸಿಕೋ ದೇಶದ ಕಾಂಪೀಚೆ ಪ್ರಾಂತದ ಮರವೊಂದರ ಕೆಂಪು ಚೇಗಿನಿಂದ ಇಳಿಸುತ್ತಿದ್ದ ಹೆಮಟಾಕ್ಸಿಲಿನ್ ಎಂಬ ಬಣ್ಣವು ಶತಮಾನಗಳಿಂದ ಯೂರೋಪಿನ ಬಣ್ಣಗಾರರ ಕಡಾಯಿಗಳಲ್ಲಿ ಕುದಿಯುತ್ತಿತ್ತು. ೧೮೬೩ರಲ್ಲಿ ವಾಲ್ಡೆಯರ್ ಅದನ್ನು ಅಂಗಾಂಶಕ್ಕೆ ಹಚ್ಚಿ ನೋಡಿದನು. ಎರಡು ವರ್ಷಗಳ ತರುವಾಯ ಬೋಮರ್ ಎಂಬಾತನು, ಬಟ್ಟೆಗೆ ಬಣ್ಣ ಕಚ್ಚಿಕೊಳ್ಳಲೆಂದು ಬಣ್ಣಗಾರರು ಬೆರೆಸುವ ಪಟಿಕವನ್ನೇ ಅದಕ್ಕೆ ಸೇರಿಸಲಾಗಿ, ಜೀವಕೋಶದ ಕೇಂದ್ರವು ನೀಲಿಗೂ ನೇರಿಳೆಗೂ ನಡುವಣ ವರ್ಣದಲ್ಲಿ ಸ್ಫುಟವಾಗಿ ಎದ್ದು ನಿಂತಿತು. ಉಳಿದ ಭಾಗಕ್ಕೆ ಬೇಕಾದ ಗುಲಾಬಿಯು ೧೮೭೦ರ ದಶಕದಲ್ಲಿ ಜರ್ಮನಿಯ ಕೃತಕ ಬಣ್ಣಗಳ ಉದ್ಯಮದಿಂದ ಇಯೋಸಿನ್ ಎಂಬ ರೂಪದಲ್ಲಿ ಬಂದಿತು. ೧೮೭೬ರಲ್ಲಿ ಹೆಮಟಾಕ್ಸಿಲಿನ್ ಮತ್ತು ಇಯೋಸಿನ್ ಈ ಎರಡನ್ನೂ ಒಂದರ ಮೇಲೊಂದು ಹಾಕುವ ಕ್ರಮವು ಬಳಕೆಗೆ ಬಂದಿತು; ಇಂದಿಗೂ ಜಗತ್ತಿನ ರೋಗಶಾಸ್ತ್ರ ವಿಭಾಗಗಳಲ್ಲಿ ನಿತ್ಯದ ಕೆಲಸ ಅದರಲ್ಲಿಯೇ ನಡೆಯುತ್ತದೆ. ವಿದ್ಯಾರ್ಥಿಯ ಎರಡು ಪೆನ್ಸಿಲುಗಳ ವಂಶಾವಳಿ ಇದು.

ಬಣ್ಣ ಕಾಣಿಸಿದುದನ್ನು ಕಾಗದಕ್ಕೆ ಇಳಿಸುವುದು ಬೇರೆಯೇ ಒಂದು ವಿದ್ಯೆ. ಗ್ರೇ ಎಂಬಾತನ ಹೆಸರಿನಿಂದ ಪ್ರಸಿದ್ಧವಾದ ೧೮೫೮ರ ಅಂಗರಚನಾ ಗ್ರಂಥದ ಚಿತ್ರಗಳೆಲ್ಲವನ್ನೂ ಬರೆದ ಹೆನ್ರಿ ವಾಂಡೈಕ್ ಕಾರ್ಟರ್, ಗ್ರಂಥ ಹೊರಬಂದ ವರ್ಷದಲ್ಲಿಯೇ ಮುಂಬಯಿಗೆ ಬಂದು ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅಧ್ಯಾಪಕನಾದನೆಂಬುದನ್ನು ನಮ್ಮಲ್ಲಿ ಬಲ್ಲವರು ಕಡಮೆ. ಗ್ರಂಥದ ಕೀರ್ತಿಯೆಲ್ಲವೂ ಬರೆದವನಿಗೆ ಹೋಗಿ, ಚಿತ್ರಿಸಿದವನು ಮುಂದಿನ ಮೂವತ್ತು ವರ್ಷಗಳನ್ನು ಪಶ್ಚಿಮ ಭಾರತದ ಆಸ್ಪತ್ರೆಗಳಲ್ಲಿ ಕಳೆದನು; ಹೊಲದಲ್ಲಿ ಬರಿಗಾಲಿನಲ್ಲಿ ದುಡಿಯುವವರ ಪಾದವನ್ನು ಕೊರೆಯುವ, ಮದುರೆಯ ಕಾಲುರೋಗವೆಂದು ಹೆಸರಾದ ವ್ಯಾಧಿಯು ಶಿಲೀಂಧ್ರದಿಂದ ಬರುವುದೆಂದು ಅಂಗಾಂಶವನ್ನು ಕತ್ತರಿಸಿ, ನೋಡಿ, ತಾನೇ ಚಿತ್ರ ಬರೆದು ೧೮೭೪ರಲ್ಲಿ ಪ್ರಕಟಿಸಿದನು. ಭಾರತದ ರೈತನ ಅಂಗಾಂಶವು ಚಿತ್ರವಾಗಿ ಗ್ರಂಥದೊಳಗೆ ಕುಳಿತ ಆರಂಭದ ಸಂದರ್ಭಗಳಲ್ಲಿ ಇದೊಂದು.

ಚಿತ್ರವೆಂಬುದು ಕಂಡುದರ ನಕಲಷ್ಟೇ ಎಂದು ಭಾವಿಸುವವರು ಗಾಲ್ಜಿ ಮತ್ತು ಕಹಾಲ್ ಇವರ ವೃತ್ತಾಂತವನ್ನು ನೆನೆಯತಕ್ಕದ್ದು. ನರಕೋಶವನ್ನು ಕಪ್ಪಾಗಿ ಕಾಣಿಸುವ ವಿಧಾನವನ್ನು ೧೮೭೩ರಲ್ಲಿ ಕಂಡುಹಿಡಿದವನು ಇಟಲಿಯ ಗಾಲ್ಜಿ. ಅದೇ ವಿಧಾನದಿಂದ ಸ್ಪೇನಿನ ಕಹಾಲ್ ಸಾವಿರಾರು ಚಿತ್ರಗಳನ್ನು ಬರೆದನು. ಒಂದೇ ಬಣ್ಣ, ಒಂದೇ ಬಗೆಯ ಅಂಗಾಂಶ. ಗಾಲ್ಜಿಯು ಒಂದಕ್ಕೊಂದು ಹೆಣೆದುಕೊಂಡ ಬಲೆಯನ್ನು ಬರೆದರೆ, ಕಹಾಲ್ ಒಂದನ್ನೊಂದು ತಲಪಿಯೂ ಬೆರೆಯದೆ ನಿಂತ ಬಿಡಿಬಿಡಿ ಕೋಶಗಳನ್ನು ಬರೆದನು. ೧೯೦೬ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡಾಗಲೂ ಅವರು ಒಮ್ಮತಕ್ಕೆ ಬರಲಿಲ್ಲ. ಕಾಲಾನಂತರ ಗೆದ್ದುದು ಕಹಾಲನ ಗೆರೆ. ಪೆನ್ಸಿಲು ಹಿಡಿದವನು ಎಲ್ಲಿ ಗೆರೆಯನ್ನು ನಿಲ್ಲಿಸಬೇಕು ಎಂಬುದನ್ನು ನಿರ್ಣಯಿಸಲೇಬೇಕು. ಛಾಯಾಚಿತ್ರಕ್ಕೆ ಈ ಹೊಣೆಯಿಲ್ಲ. ಈ ಪ್ರಬಂಧದಲ್ಲಿ ನಾನು ಹೇಳಬೇಕೆಂದಿರುವುದು ಬಹುಪಾಲು ಇಷ್ಟೇ.

ಇನ್ನು ನಮ್ಮ ಸೀಮೆಗೆ ಬರೋಣ. ಇಂದಿನ ದಾವಣಗೆರೆ ಜಿಲ್ಲೆಯು ಹುಟ್ಟಿದುದು ೧೯೯೭ರ ಆಗಸ್ಟ್ ೧೫ರಂದು. ಅದಕ್ಕೆ ಮುನ್ನ ಚನ್ನಗಿರಿಯೂ, ನ್ಯಾಮತಿಯನ್ನು ಒಳಗೊಂಡಿದ್ದ ಹೊನ್ನಾಳಿಯೂ ಶಿವಮೊಗ್ಗೆಗೆ ಸೇರಿದ್ದುವು, ಜಗಳೂರು ಚಿತ್ರದುರ್ಗಕ್ಕೆ. ಆ ಹಳೆಯ ಶಿವಮೊಗ್ಗ ಜಿಲ್ಲೆಯ ಮಲೆನಾಡಿನಲ್ಲಿ ಸೂಕ್ಷ್ಮದರ್ಶಕವು ಗಂಭೀರವಾಗಿ ನೋಡಿದ ಅಂಗಾಂಶವು ಮನುಷ್ಯನದಲ್ಲ, ಅಡಿಕೆಯದು. ೧೯೦೮ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಮಳೆಗಾಲದಲ್ಲಿ ಎಳೆಗಾಯಿಗಳನ್ನು ರಾಶಿರಾಶಿಯಾಗಿ ಉದುರಿಸುತ್ತಿದ್ದ ಕೊಳೆರೋಗವನ್ನು ಪರೀಕ್ಷಿಸಿ, ಅಡಿಕೆಯ ಒಡಲನ್ನು ತೂರಿಕೊಂಡು ಹೋಗುವ ಶಿಲೀಂಧ್ರದ ಎಳೆಗಳನ್ನು ಗುರುತಿಸಿ, ೧೯೧೦ರಲ್ಲಿ ವರದಿಯನ್ನು ಪ್ರಕಟಿಸಿದರು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವುದೊಂದೇ ಉಪಾಯವಾಗಿದ್ದ ತೋಟಗಳಿಗೆ, ಮೈಲುತುತ್ತ ಮತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವ ಪದ್ಧತಿಯು ಬಂದುದು ಆ ಪರೀಕ್ಷೆಯ ಫಲ. ಅಡಿಕೆಯನ್ನು ಅಗಿಯುವವನ ಬಾಯಿಯನ್ನು ಇದೇ ಯಂತ್ರದಡಿಯಲ್ಲಿ ನೋಡುವುದಕ್ಕೆ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ಬೆಳೆಗೆ ಬಂದ ರೋಗ ಕಂದಾಯಕ್ಕೆ ತಟ್ಟುತ್ತದೆ. ಬಾಯಿಗೆ ಬಂದ ರೋಗ ಮನೆಯವರಿಗೆ ಮಾತ್ರ.

ಮನುಷ್ಯಶರೀರದ ಅಂಗಾಂಶಗಳನ್ನು ಕಲಿಯಬೇಕೆಂದಿದ್ದ ಹುಡುಗನು ಆ ಕಾಲಕ್ಕೆ ದೂರದೂರಿಗೆ ಹೋಗಬೇಕಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೨೪ರಲ್ಲಿ, ಬೆಂಗಳೂರಿನಲ್ಲಿ ಮೊದಲಾದ ಮೈಸೂರು ವೈದ್ಯಕೀಯ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಹೋಯಿತು. ೧೯೫೩ರಲ್ಲಿ ಮಣಿಪಾಲ, ೧೯೫೫ರಲ್ಲಿ ಬೆಂಗಳೂರು, ೧೯೫೭ರಲ್ಲಿ ಹುಬ್ಬಳ್ಳಿ, ಹೀಗೆ ಒಂದೊಂದಾಗಿ ಬಾಗಿಲುಗಳು ತೆರೆದುವು. ೧೯೫೮ರಲ್ಲಿ ದಾವಣಗೆರೆಯಲ್ಲಿ ಸ್ಥಾಪಿತವಾದ ಬಾಪೂಜಿ ವಿದ್ಯಾಸಂಸ್ಥೆಯು ಏಳು ವರ್ಷಗಳೊಳಗೆ ವೈದ್ಯಕೀಯ ಕಾಲೇಜನ್ನು ತೆರೆದಾಗ, ಹತ್ತಿಯ ಗಿರಣಿಗಳ ಊರು ವಿದ್ಯೆಯ ಊರೂ ಆಯಿತು. ೧೯೭೯ರಲ್ಲಿ ದಂತವೈದ್ಯಕೀಯ ಕಾಲೇಜೂ ಬಂದಿತು. ಜಗಳೂರಿನ ಹುಡುಗಿಯು ಬಸ್ಸಿನಲ್ಲಿ ಪ್ರಯಾಣ ಮಾಡಿ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುವಂತಾದುದು ಸಾಮಾನ್ಯ ಸಂಗತಿಯಲ್ಲ.

ಆಕೆಯ ಮುಂದಿನ ಗಾಜಿನ ಸ್ಲೈಡಿನ ಹಿಂದೆ ಪ್ರಯೋಗಾಲಯದ ತಂತ್ರಜ್ಞರ ಹಲವು ದಿನಗಳ ದುಡಿಮೆ ಇರುತ್ತದೆ. ಅಂಗಾಂಶದ ತುಣುಕನ್ನು ಫಾರ್ಮಲಿನ್ನಿನಲ್ಲಿ ಇಟ್ಟು ಕೊಳೆಯದಂತೆ ಮಾಡಿ, ಸಾಂದ್ರತೆಯನ್ನು ಏರಿಸುತ್ತ ಹೋದ ಆಲ್ಕೊಹಾಲಿನಲ್ಲಿ ಅದ್ದಿ ನೀರನ್ನು ತೆಗೆದು, ಜೈಲೀನಿನಲ್ಲಿ ತಿಳಿಗೊಳಿಸಿ, ಸುಮಾರು ೬೦ ಡಿಗ್ರಿಯಲ್ಲಿ ಕರಗಿದ ಮೇಣವನ್ನು ಒಳಕ್ಕೆ ಇಳಿಸಿ ಅಚ್ಚು ಮಾಡಿ, ಮೈಕ್ರೋಟೋಮಿನ ಅಲಗಿನಿಂದ ಐದು ಮೈಕ್ರಾನ್ ದಪ್ಪದ ಹಾಳೆಗಳನ್ನು ಎತ್ತಿ, ಬಿಸಿನೀರಿನ ಮೇಲೆ ತೇಲಿಸಿ ಸುಕ್ಕು ಬಿಡಿಸಿ ಗಾಜಿಗೆ ಅಂಟಿಸಿ, ಮತ್ತೆ ಮೇಣವನ್ನು ಕರಗಿಸಿ ಬಣ್ಣ ಹಾಕಬೇಕು. ಅಡಿಕೆಯನ್ನು ಅಡಕತ್ತರಿಯಲ್ಲಿ ಅಡ್ಡಲಾಗಿ ಕೊಯ್ದರೆ ಕಾಣುವ ಕಂದು-ಬಿಳಿಯ ಗೆರೆಗಳು ಉದ್ದಲಾಗಿ ಕೊಯ್ದಾಗ ಬೇರೆಯಾಗಿಯೇ ಕಾಣುವುದನ್ನು ಚನ್ನಗಿರಿಯ ಮಕ್ಕಳು ಬಾಲ್ಯದಿಂದಲೂ ನೋಡಿಬಲ್ಲರು. ಅಂಗಾಂಶದ ಹೋಳಿನ ಕಷ್ಟವೂ ಅದೇ. ಒಂದೇ ನಾಳವು ಒಂದು ಸ್ಲೈಡಿನಲ್ಲಿ ವೃತ್ತವಾಗಿ, ಇನ್ನೊಂದರಲ್ಲಿ ಪಟ್ಟಿಯಾಗಿ, ಮೂರನೆಯದರಲ್ಲಿ ಓರೆಯಾದ ಮೊಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ; ಚಪ್ಪಟೆಯಾದುದನ್ನು ನೋಡಿ ಗಾತ್ರವನ್ನು ಊಹಿಸುವ ಶಕ್ತಿ ಬಂದಲ್ಲದೆ ಈ ಶಾಸ್ತ್ರ ಒಲಿಯದು.

ಆ ಶಕ್ತಿ ಬರುವುದಕ್ಕಾಗಿಯೇ ರೆಕಾರ್ಡು ಪುಸ್ತಕವನ್ನು ವಿಧಿಸಿದುದು: ಗೆರೆಯಿಲ್ಲದ ಪುಟದಲ್ಲಿ ಚಿತ್ರ, ಗೆರೆಯುಳ್ಳ ಪುಟದಲ್ಲಿ ಗುರುತಿಸುವ ಲಕ್ಷಣಗಳು. ಆದರೆ ವಿಧಿಸಿದಂತೆ ಎಲ್ಲವೂ ನಡೆಯುವುದುಂಟೆ? ಐವತ್ತರ ದಶಕದಿಂದ ವಿದ್ಯಾರ್ಥಿಗಳ ಕೈಗೆ ಬಂದ ಬ್ಯೂನಸ್ ಐರಿಸ್ಸಿನ ಡಿ ಫಿಯೋರೆಯ ಚಿತ್ರಸಂಪುಟವು ಅಂದವಾದುದು. ಅದರಲ್ಲಿ ಪ್ರತಿಯೊಂದು ಅಂಗಾಂಶವೂ ತನ್ನ ಲಕ್ಷಣಗಳೆಲ್ಲವನ್ನೂ ಒಂದೇ ನೋಟದಲ್ಲಿ ಒಪ್ಪಿಸುತ್ತದೆ. ನಿಜವಾದ ಸ್ಲೈಡು ಅಷ್ಟು ಉದಾರಿಯಲ್ಲ. ಹೀಗಾಗಿ ಹುಡುಗರು ಸ್ಲೈಡನ್ನು ಬಿಟ್ಟು ಸಂಪುಟವನ್ನೂ, ಸಂಪುಟವನ್ನು ಬಿಟ್ಟು ಹಿಂದಿನ ವರ್ಷದವರ ರೆಕಾರ್ಡನ್ನೂ ನೋಡಿ ಬರೆಯತೊಡಗಿದರು; ನಕಲಿನ ನಕಲಿನಲ್ಲಿ ಮೂತ್ರಪಿಂಡದ ಗ್ಲೋಮೆರುಲಸ್ಸು ದಾಸವಾಳದ ಹೂವಾಗಿ ಅರಳಿದುದನ್ನು ಹಾಸ್ಟೆಲುಗಳಲ್ಲಿ ಕಾಣಬಹುದು. ಪರೀಕ್ಷೆಯ ದಿನ ಸಾಲಾಗಿ ಇಟ್ಟ ಸೂಕ್ಷ್ಮದರ್ಶಕಗಳ ಮುಂದೆ, ಗಂಟೆ ಬಾರಿಸಿದಂತೆಲ್ಲ ಸರಿಯುತ್ತ, ಸ್ಪಾಟರುಗಳೆಂದು ಇಟ್ಟ ಸ್ಲೈಡುಗಳನ್ನು ಗುರುತಿಸಬೇಕಾದಾಗ ಆ ಹೂವು ನೆರವಿಗೆ ಬರುವುದಿಲ್ಲ.

ಈ ಎರಡು ಪೆನ್ಸಿಲುಗಳು ತಮ್ಮ ಯೋಗ್ಯತೆಯನ್ನು ತೋರುವುದು ಬಾಯಿಯ ಒಳಪದರವನ್ನು ಬರೆಯುವಾಗ. ಅರವತ್ತರ ದಶಕದಲ್ಲಿ ಭದ್ರಾ ನಾಲೆಗಳ ನೀರು ಹರಿದ ಮೇಲೆ ಚನ್ನಗಿರಿ, ಹೊನ್ನಾಳಿಗಳಲ್ಲಿ ಅಡಿಕೆಯ ತೋಟಗಳು ಹಬ್ಬುತ್ತ ಹೋದುವು. ಬೇಯಿಸಿ ಚೊಗರು ಕೊಟ್ಟ ಕೆಂಪಡಿಕೆಯ ವ್ಯಾಪಾರಕ್ಕೆ ಚನ್ನಗಿರಿಯ ಮಾರುಕಟ್ಟೆಯೂ, ಬೆಳೆಗಾರರ ಸಹಕಾರ ಸಂಘವಾದ ತುಮ್‌ಕೋಸ್‌ ಸಹ ಹೆಸರಾದುವು. ಇತ್ತ ೧೯೫೨ರಲ್ಲಿ ಷ್ವಾರ್ಟ್ಸ್ ಎಂಬಾತನು ಕೀನ್ಯಾದಲ್ಲಿ ನೆಲಸಿದ್ದ ಐವರು ಭಾರತೀಯ ಸ್ತ್ರೀಯರಲ್ಲಿ ಬಾಯಿ ತೆರೆಯಲಾಗದಂತೆ ಮಾಡುವ ರೋಗವೊಂದನ್ನು ವರ್ಣಿಸಿದನು. ಮರುವರ್ಷವೇ ಮುಂಬಯಿಯಲ್ಲಿ ಜೋಶಿಯವರು ಅದಕ್ಕೆ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಹೆಸರನ್ನು ಕೊಟ್ಟರು. ೧೯೬೬ರಲ್ಲಿ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಮತ್ತು ಮುಂಬಯಿಯ ಸತ್ಯವತಿ ಸಿರ್ಸಾಟ್ ಇವರು ಸೂಕ್ಷ್ಮದರ್ಶಕದಡಿ ಅದರ ಹಂತಗಳನ್ನು ನಿರೂಪಿಸಿದರು. ಈ ರೋಗದ ಬೇರು ಅಡಿಕೆಯಲ್ಲಿಯೇ ಇದೆ: ಅಡಿಕೆಯ ಆರಿಕೋಲೀನ್ ಎಂಬ ರಾಸಾಯನಿಕವು ಕೊಲಾಜೆನ್ ತಂತುಗಳ ಉತ್ಪತ್ತಿಯನ್ನು ಹೆಚ್ಚಿಸುತ್ತದೆ. ಅಡಿಕೆಯಲ್ಲಿನ ತಾಮ್ರವು ಆ ತಂತುಗಳನ್ನು ಒಂದಕ್ಕೊಂದು ಬಿಗಿಯುವ ಕಿಣ್ವಕ್ಕೆ ಬಲ ಕೊಡುತ್ತದೆ.

ಆರೋಗ್ಯವಂತನ ಬಾಯಿಯ ಒಳಪದರವನ್ನು ಬರೆಯುವಾಗ ಮೇಲಿನ ಹೊದಿಕೆಯು ದಪ್ಪನಾಗಿ, ಬೆರಳುಗಳಂತಹ ಮುಂಚಾಚುಗಳನ್ನು ಕೆಳಕ್ಕೆ ಇಳಿಬಿಟ್ಟಿರುತ್ತದೆ. ಅದರಡಿಯ ಸಡಿಲವಾದ ಗುಲಾಬಿ ತಂತುಗಳ ನಡುವೆ ನೇರಿಳೆಯ ಚುಕ್ಕೆಗಳೂ ಚಿಕ್ಕ ರಕ್ತನಾಳಗಳೂ ಧಾರಾಳವಾಗಿ ಚೆದರಿರುತ್ತವೆ. ರೋಗಿಯದರಲ್ಲಿ ಹೊದಿಕೆ ತೆಳುವಾಗಿ, ಆ ಮುಂಚಾಚುಗಳು ಸವೆದು ಮಟ್ಟಸವಾಗಿ, ಕೆಳಗಣ ಪ್ರದೇಶವೆಲ್ಲವೂ ಏಕಾಕಾರವಾದ ಗುಲಾಬಿಯ ಹಾಸಾಗಿ, ರಕ್ತನಾಳಗಳು ಕಿರಿದಾಗಿ, ನೇರಿಳೆಯ ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಉಳಿದಿರುತ್ತವೆ. ರೋಗವು ಮುಂದುವರಿದಷ್ಟೂ ಒಂದು ಪೆನ್ಸಿಲು ಸವೆಯುತ್ತದೆ, ಇನ್ನೊಂದು ಸವೆಯದೆ ಉಳಿಯುತ್ತದೆ. ಈ ವ್ಯತ್ಯಾಸವನ್ನು ಕೈಯಿಂದ ಬರೆದವರು ಮರೆಯುವುದಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತಾರಾಷ್ಟ್ರೀಯ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ೨೦೧೩ರಲ್ಲಿ ಕರ್ನಾಟಕವು ಗುಟ್ಕಾವನ್ನು ನಿಷೇಧಿಸಿತು. ಅಡಿಕೆಯಿಂದಲೇ ಮಕ್ಕಳ ಓದಿನ ಖರ್ಚನ್ನು ಭರಿಸಿದ ಮನೆಯ ವಿದ್ಯಾರ್ಥಿಯು ಈ ಚಿತ್ರವನ್ನು ಬರೆಯುವಾಗ ಪಡುವ ಇಕ್ಕಟ್ಟು ಊಹಿಸಲಾಗದುದೇನೂ ಅಲ್ಲ. ಬೆಳೆಯನ್ನು ನಿಂದಿಸುವುದು ಸುಲಭ. ಅದನ್ನು ನಂಬಿದ ಸಾವಿರಾರು ಕುಟುಂಬಗಳಿಗೆ ಬೇರೆ ದಾರಿ ತೋರುವುದು ಅಷ್ಟು ಸುಲಭವಲ್ಲ.

ಜಗಳೂರಿನ ಕತೆ ಬೇರೆ. ಅಲ್ಲಿ ನೀರೇ ಅಪರೂಪ, ಆಳದ ಕೊಳವೆಬಾವಿಗಳಿಂದ ಬರುವ ನೀರಿನಲ್ಲಿ ಫ್ಲೋರೈಡ್ ಬಾಧೆ. ಫ್ಲೋರೈಡಿನಿಂದ ಹಲ್ಲು ಕಂದುವುದನ್ನೂ ಮೂಳೆ ಪೆಡಸಾಗುವುದನ್ನೂ ಭಾರತದಲ್ಲಿ ಮೊದಲು ವಿವರಿಸಿದುದು ೧೯೩೭ರಲ್ಲಿ, ನೆಲ್ಲೂರು ಸೀಮೆಯಲ್ಲಿ. ಈ ಅಂಗಾಂಶಗಳನ್ನು ನೋಡುವ ಬಗೆಯೂ ಭಿನ್ನ: ಮೂಳೆಯನ್ನು ಆಮ್ಲದಲ್ಲಿ ಮೆತ್ತಗೆ ಮಾಡಿ ಕತ್ತರಿಸಬಹುದು, ಹಲ್ಲಿನ ಎನಾಮಲ್ಲಾದರೋ ಆಮ್ಲದಲ್ಲಿ ಕರಗಿಯೇ ಹೋಗುವುದರಿಂದ, ಕಿತ್ತ ಹಲ್ಲನ್ನು ಸಾಣೆಕಲ್ಲಿನ ಮೇಲೆ ಬೆಳಕು ತೂರುವಷ್ಟು ತೆಳುವಾಗುವವರೆಗೆ ಉಜ್ಜಬೇಕು. ದಂತವೈದ್ಯಕೀಯ ವಿದ್ಯಾರ್ಥಿಗಳ ಬೆರಳ ತುದಿಗಳು ಸವೆಯುವುದು ಇಲ್ಲಿಯೇ. ಬಣ್ಣ ಬೇಡದ ಈ ಹೋಳಿನ ಚಿತ್ರವು ಬರಿಯ ಸೀಸದ ಕಡ್ಡಿಯಲ್ಲಿ ಆಗುತ್ತದೆ.

೧೯೯೭ಕ್ಕೆ ಮುನ್ನ ಒಂದೂವರೆ ವರ್ಷವಿದ್ದ ಮೊದಲ ಹಂತದ ವ್ಯಾಸಂಗವು ಆ ವರ್ಷದ ನಿಯಮಗಳಿಂದ ಒಂದು ವರ್ಷಕ್ಕೆ ಇಳಿದುದು ಚಿತ್ರಲೇಖನಕ್ಕೆ ಬಿದ್ದ ಪೆಟ್ಟು. ೨೦೧೯ರ ಹೊಸ ಪಠ್ಯಕ್ರಮದಲ್ಲಿ ಒತ್ತೆಲ್ಲ ಸೂಕ್ಷ್ಮದರ್ಶಕದಡಿ ಗುರುತಿಸಬಲ್ಲ ಸಾಮರ್ಥ್ಯದ ಮೇಲೆ. ಈಗ ಸ್ಲೈಡನ್ನು ಪೂರ್ತಿಯಾಗಿ ಸ್ಕ್ಯಾನ್ ಮಾಡಿ ಪರದೆಯ ಮೇಲೆ ಹಿಗ್ಗಿಸಿ ಕುಗ್ಗಿಸಿ ನೋಡಬಹುದು. ನ್ಯಾಮತಿಯ ಮನೆಯಲ್ಲಿ ಕುಳಿತ ಹುಡುಗನಿಗೂ ಫೋನಿನಲ್ಲಿ ಅದು ಕಾಣಿಸುತ್ತದೆ. ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಕೆಟ್ಟ ಮಸೂರದ ಮುಂದೆ ಒಂದು ಕಣ್ಣು ಮುಚ್ಚಿ ನಿಂತು ಸರದಿ ಕಾದ ಕಾಲವೇನೂ ಸುವರ್ಣಯುಗವಾಗಿರಲಿಲ್ಲ. ಆದರೆ ಪರದೆಯ ಮೇಲಿನ ಚಿತ್ರವನ್ನು ನೋಡಿದವನು ನೋಡಿದೆನೆಂದು ತಿಳಿಯುತ್ತಾನೆ. ಬರೆಯಹೋದಾಗ ಮಾತ್ರ ತಾನು ಏನನ್ನು ನೋಡಲಿಲ್ಲವೆಂಬುದು ಅವನಿಗೆ ಗೊತ್ತಾಗುತ್ತದೆ. ಆದುದರಿಂದ ರೆಕಾರ್ಡಿನ ಪುಟಗಳನ್ನು ಬೇಕಾದರೆ ಅರ್ಧಕ್ಕೆ ಇಳಿಸಲಿ. ಉಳಿದ ಅರ್ಧವನ್ನಾದರೂ ಸ್ಲೈಡಿನ ಮುಂದೆಯೇ ಕೂಡಿಸಿ ಬರೆಯಿಸಲಿ.

ಇನ್ನೊಂದು ಮಾತನ್ನು ದಾವಣಗೆರೆಯ ವೈದ್ಯಕೀಯ ಮತ್ತು ದಂತವೈದ್ಯಕೀಯ ಕಾಲೇಜುಗಳ ಅಧ್ಯಾಪಕರಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ಶಿವರಾಮ ಕಾರಂತರು ೧೯೩೬ರಷ್ಟು ಹಿಂದೆಯೇ ಬಾಲಪ್ರಪಂಚದಲ್ಲಿ ಚಿತ್ರಗಳ ಮೂಲಕ ವಿಜ್ಞಾನವನ್ನು ಕನ್ನಡದ ಮಕ್ಕಳ ಮುಂದೆ ಇಟ್ಟರು. ನಿಮ್ಮ ವಿದ್ಯಾರ್ಥಿಗಳು ಪ್ರತಿವರ್ಷವೂ ಬರೆಯುವ ನೂರಾರು ಚಿತ್ರಗಳಲ್ಲಿ, ಆರೋಗ್ಯವಂತನ ಬಾಯಿಯ ಒಳಪದರ ಮತ್ತು ಅಡಿಕೆಯಿಂದ ಬಿಗಿದುಹೋದ ಒಳಪದರ, ಒಳ್ಳೆಯ ಹಲ್ಲು ಮತ್ತು ಫ್ಲೋರೈಡಿನಿಂದ ಕಂದಿದ ಹಲ್ಲು, ಈ ನಾಲ್ಕನ್ನು ಆರಿಸಿ, ದೊಡ್ಡದಾಗಿ ಬರೆಯಿಸಿ, ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಸರ್ಕಾರಿ ಆಸ್ಪತ್ರೆಗಳ ಹೊರರೋಗಿಗಳ ಸಾಲಿನ ಎದುರಿನ ಗೋಡೆಗೆ ತೂಗುಹಾಕಿರಿ. ಬಯಾಪ್ಸಿಗೆಂದು ತನ್ನ ಬಾಯಿಯಿಂದ ತುಣುಕು ಕೊಟ್ಟವನಿಗೆ ಅದರಲ್ಲಿ ಏನು ಕಂಡಿತೆಂಬುದನ್ನು ತೋರಿಸುವ ಋಣ ಇನ್ನೂ ತೀರದೆ ಉಳಿದಿದೆ.